ಕೆನಾಲು, ಚಾನಲು, ಕಾಲುವೆ

ತುಂಗಭದ್ರೆಯ ನೀರಾವರಿ ಕಚೇರಿಯೊಂದರಲ್ಲಿ ನಾನು ಟ್ರೇಸರ್ ಆಗಿದ್ದೆ. ಹಳೆಯ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಕಪ್ಪು ಶಾಯಿಯಲ್ಲಿ ಗೆರೆಯ ಮೇಲೆ ಗೆರೆ, ಅಕ್ಷರದ ಮೇಲೆ ಅಕ್ಷರ ತಿದ್ದುವ ಕೆಲಸ. ಬರೆದದ್ದರ ಅರ್ಥ ಟ್ರೇಸರನ್ನು ಯಾರೂ ಕೇಳುವುದಿಲ್ಲ. ಆದರೂ ಅದೇ ಪದವನ್ನು ವರ್ಷಗಟ್ಟಲೆ ಬರೆಯುತ್ತಿದ್ದರೆ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಜಲಾಶಯದ ಬಲದಂಡೆಯಿಂದ ಬಳ್ಳಾರಿ ಕಡೆಗೆ ಹೊರಡುವುದಕ್ಕೆ ನಕ್ಷೆಯಲ್ಲಿ ಹೈ ಲೆವೆಲ್ ಕೆನಾಲ್, ಲೋ ಲೆವೆಲ್ ಕೆನಾಲ್ ಎಂದಿತ್ತು. ಅದೇ ದಂಡೆಯಿಂದ ಹೊಸಪೇಟೆಯ ಗದ್ದೆಗಳಿಗೆ ಇಳಿಯುವುದು ರಾಯ ಚಾನಲ್, ಬಸವಣ್ಣ ಚಾನಲ್. ಹಂಪಿಯ ಗುಡಿಗಳ ನಡುವೆ ಬಾಳೆತೋಟಕ್ಕೆ ಹರಿಯುವ ತುರ್ತು ಎಂಬುದೂ ಚಾನಲ್ಲೇ, ಕಂಪ್ಲಿಯದೂ ಚಾನಲ್ಲೇ. ಕನ್ನಡದಲ್ಲಿ ಎಲ್ಲವೂ ಕಾಲುವೆ; ನಮ್ಮ ಕಡೆಯವರ ಬಾಯಲ್ಲಿ ಕಾಲಿವಿ. ನೀರು ಒಂದೇ ನದಿಯದು, ಹೆಸರು ಮಾತ್ರ ಎರಡು.

ಕೆನಾಲ್, ಚಾನಲ್ ಎರಡೂ ಹುಟ್ಟಿದ್ದು ಒಂದೇ ಬಸಿರಲ್ಲಿ. ಲ್ಯಾಟಿನ್ನಿನ ಕನಾಲಿಸ್ ಫ್ರೆಂಚರ ಬಾಯಿ ಹಾದು, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉಚ್ಚಾರದಲ್ಲಿ ಇಂಗ್ಲಿಷಿಗೆ ಬಂತು. ಬಂದ ಮೇಲೆ ಪಾಲಾದವು. ಕೆನಾಲ್ ಎಂದರೆ ಮನುಷ್ಯ ಅಗೆದದ್ದು, ಅದರಲ್ಲೂ ಇಂಗ್ಲೆಂಡಿನವರ ಮನಸ್ಸಿನಲ್ಲಿ ದೋಣಿ ಓಡಿಸಲು ಅಗೆದದ್ದು. ಅಲ್ಲಿ ಕಲ್ಲಿದ್ದಲು ಸಾಗುತ್ತಿದ್ದುದು ಕೆನಾಲಿನಲ್ಲಿ. 1869ರ ಸೂಯೆಜ್, 1914ರ ಪನಾಮಾ ಎರಡೂ ಕೆನಾಲು. ಚಾನಲ್ ಎಂಬುದರ ಹರವು ದೊಡ್ಡದು. ನದಿಯ ಪಾತ್ರ ಚಾನಲ್ಲು, ಯಾರೂ ತೋಡದ ಇಂಗ್ಲೆಂಡ್–ಫ್ರಾನ್ಸ್ ನಡುವಿನ ಕಡಲೂ ಚಾನಲ್ಲು. ನಮ್ಮ ಕಚೇರಿಯಲ್ಲಿ ರಜೆಯ ಅರ್ಜಿ ಹೋಗುತ್ತಿದ್ದುದೂ ಪ್ರಾಪರ್ ಚಾನಲ್ಲಿನ ಮೂಲಕವೇ. ಯಾವುದೋ ಒಂದು ಹಾದಿಯಲ್ಲಿ ಏನೋ ಒಂದು ಹರಿದರೆ ಸಾಕು, ಆ ಹಾದಿಯನ್ನು ಯಾರು ಮಾಡಿದರು ಎಂಬುದು ಆ ಪದಕ್ಕೆ ಬೇಕಿಲ್ಲ.

ಈ ಹೆಸರುಗಳು ನಮ್ಮ ಕಡೆಗೆ ಬಂದದ್ದು ಇಂಗ್ಲಿಷರ ಆಳ್ವಿಕೆಯೊಂದಿಗೆ. ಬಳ್ಳಾರಿ ಸೀಮೆ 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು, 1953ರವರೆಗೆ ಮದ್ರಾಸಿಗೇ ಅಂಟಿಕೊಂಡಿತ್ತು. ಇಂಗ್ಲಿಷಿನಿಂದ ಕನ್ನಡಕ್ಕೆ ದೊಡ್ಡ ನಿಘಂಟು ಕಟ್ಟಿದ ವಿಲಿಯಂ ರೀವ್ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನವರು. ಅವರ ಪುಸ್ತಕ ಬಂದದ್ದು 1824ರಲ್ಲಿ. ಆದರೆ ನಮ್ಮ ನೀರಿಗೆ ಇಂಗ್ಲಿಷ್ ಹೆಸರಿಟ್ಟವರು ನಿಘಂಟುಕಾರರಲ್ಲ, ಮದ್ರಾಸಿನ ಎಂಜಿನಿಯರರು. ಅವರ ಕಾಲದಲ್ಲಿ ಲಂಡನ್ನಿನ ಹಣದಿಂದ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ಹುಟ್ಟಿತು. ಇದೇ ತುಂಗಭದ್ರೆಯ ಕೆಳಗೆ, ಸುಂಕೇಸುಲದಿಂದ ಕರ್ನೂಲು–ಕಡಪ ಕೆನಾಲನ್ನು ತೋಡಿದ್ದು ಆ ಕಂಪನಿ. ಗದ್ದೆಗೆ ನೀರು, ಮೇಲೆ ದೋಣಿ, ಎರಡರಿಂದಲೂ ಲಾಭ ಎಂಬ ಲೆಕ್ಕ. ಲೆಕ್ಕ ಕೈಕೊಟ್ಟಿತು, 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಂಡಿತು. ಕಂಪನಿಯ ಹೆಸರಲ್ಲೇ ನೋಡಿ, ಇರಿಗೇಷನ್ ಒಂದು ಕಡೆ, ಕೆನಾಲ್ ಒಂದು ಕಡೆ.

ಹೀಗೆ ತಾವು ತೋಡಿದ್ದನ್ನು ಕೆನಾಲ್ ಎಂದವರು, ತಾವು ಬರುವ ಹೊತ್ತಿಗೇ ಹರಿಯುತ್ತಿದ್ದುದನ್ನು ಚಾನಲ್ ಎಂದರು. ವಿಜಯನಗರದ ರಾಯರ ಕಾಲುವೆಗಳು ನೇರಗೆರೆಯವಲ್ಲ. ಬಂಡೆ ಬಂದಲ್ಲಿ ಬಳಸಿ, ದಿಬ್ಬದ ಮಗ್ಗುಲು ಹಿಡಿದು, ಇಳಿಜಾರನ್ನು ಅಂಗುಲ ಅಂಗುಲ ಉಳಿಸಿಕೊಂಡು ಹೋಗುತ್ತವೆ. ನೋಡಿದವರಿಗೆ ಹಳ್ಳದಂತೆಯೇ ಕಂಡಿರಬೇಕು. ನನಗೆ ನೋವಾಗುವುದು ಇಲ್ಲಿ. ಸಮಪಾತಳಿ ಹಿಡಿದು ನೀರನ್ನು ಎತ್ತರದಲ್ಲೇ ಕಾಯ್ದುಕೊಂಡು ಮೈಲುಗಟ್ಟಲೆ ಒಯ್ಯುವುದು ನೇರ ತೋಡುವುದಕ್ಕಿಂತ ಕಠಿಣವಾದ ವಿದ್ಯೆ. ಕನ್ನಡಕ್ಕೆ ಇದರಲ್ಲಿ ಗೊಂದಲವೇ ಇಲ್ಲ: ತಾನಾಗಿ ಹರಿದದ್ದು ಹಳ್ಳ, ತೋಡಿದ್ದು ಕಾಲುವೆ. ಹಂಪಿಯ ಕಾಲುವೆಗೆ ಶಾಸನಕಾಲದ ಹೆಸರು ಹಿರಿಯ ಕಾಲುವೆ ಎಂದೇ ಇತ್ತು. ಚಾನಲ್ ಎಂದು ಬರೆದ ಕ್ಷಣ ತೋಡಿದವರು ನಕ್ಷೆಯಿಂದ ಜಾರಿಹೋದರು.

ಇನ್ನೊಂದು ಕಡೆ ಮಾತ್ರ ಆ ಎಂಜಿನಿಯರರ ಇಂಗ್ಲಿಷು ನಮ್ಮ ಕನ್ನಡಕ್ಕಿಂತ ಖಚಿತ, ಅದನ್ನು ಒಪ್ಪಬೇಕು. ಅನಿಕಟ್ ಎಂಬ ಪದ ಅವರಿಗೆ ತಮಿಳು ಸೀಮೆಯಿಂದ ಸಿಕ್ಕಿತು. ಯೂಲ್ ಮತ್ತು ಬರ್ನೆಲ್ ಅವರ 1886ರ ಹಾಬ್ಸನ್–ಜಾಬ್ಸನ್ ಕೋಶ ಅದಕ್ಕೆ ಜಾಗ ಕೊಟ್ಟಿದೆ; ಆರ್ಥರ್ ಕಾಟನ್ ಗೋದಾವರಿಗೆ ಧವಳೇಶ್ವರದಲ್ಲಿ ಕಟ್ಟಿದ್ದೂ ಅನಿಕಟ್ಟೇ. ಅದು ನೀರನ್ನು ಹಿಡಿದಿಡುವ ಗೋಡೆಯಲ್ಲ. ಹೊಳೆಯ ಮಟ್ಟವನ್ನು ಒಂದಾಳಿನಷ್ಟು ಎತ್ತರಿಸಿ, ಬೇಕಾದಷ್ಟನ್ನು ಪಕ್ಕಕ್ಕೆ ತಿರುಗಿಸಿ, ಮಿಕ್ಕದ್ದನ್ನು ತಲೆಯ ಮೇಲಿಂದ ಹೋಗಗೊಡುತ್ತದೆ. ಡ್ಯಾಮ್ ತಡೆದು ನಿಲ್ಲಿಸುತ್ತದೆ. ರಾಯರು ತುಂಗಭದ್ರೆಯಲ್ಲಿ ಕಟ್ಟಿದ್ದು ಮೊದಲನೆಯ ಬಗೆ: ನದಿಯೊಳಗಿನ ಬಂಡೆಯಿಂದ ಬಂಡೆಗೆ ಒರಟು ಕಲ್ಲು ಪೇರಿಸಿ, ನಡುಗಡ್ಡೆಗಳನ್ನೇ ಗೋಡೆಯ ಭಾಗ ಮಾಡಿಕೊಂಡದ್ದು. ನಾವು ಎರಡನ್ನೂ ಅಣೆಕಟ್ಟು ಎನ್ನುತ್ತೇವೆ. ಇಂಗ್ಲಿಷಿನವರೂ ಕೆಲವು ಸಲ ಜಾರಿದ್ದುಂಟು. 1900ರಲ್ಲಿ ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸಿವೆಲ್, ಕೃಷ್ಣದೇವರಾಯ 1521ರಲ್ಲಿ ಕೊರಗಲ್ಲಿನ ಕಟ್ಟೆ ಮತ್ತು ಬಸವಣ್ಣ ಕಾಲುವೆ ಮಾಡಿಸಿದನೆಂದು ಹೇಳುವಾಗ, ಕಟ್ಟೆಗೆ ಡ್ಯಾಮ್ ಎಂದೇ ಬರೆದ. ಬಸವಣ್ಣ ಕಾಲುವೆಗೆ ನೀರು ತಿರುಗಿಸುತ್ತಿದ್ದ ಹಳೆಯ ಅಣೆ ಇಂದು ಜಲಾಶಯದ ನೀರಿನಡಿ ಇದೆ. ಅದರ ಕೆಲಸವನ್ನು ಡ್ಯಾಮೇ ಮಾಡುತ್ತಿದೆ. ದಕ್ಷಿಣ ಆಫ್ರಿಕಾದ ಇಂಗ್ಲಿಷಿನಲ್ಲಂತೂ ಡ್ಯಾಮ್ ಎಂದರೆ ಗೋಡೆಯಲ್ಲ, ಅದರ ಹಿಂದೆ ನಿಂತ ನೀರು. ನಮ್ಮಲ್ಲೂ ಮಳೆಗಾಲದಲ್ಲಿ ತುಂಬುವುದು ಡ್ಯಾಮೇ.

ಈ ಹೆಸರುಗಳ ವ್ಯತ್ಯಾಸ ಬರೀ ಕಾಗದದ್ದಲ್ಲ ಎಂದು 2024ರ ಆಗಸ್ಟ್ 10ರ ರಾತ್ರಿ ತೋರಿಸಿಕೊಟ್ಟಿತು. ತುಂಗಭದ್ರಾ ಜಲಾಶಯದ ಹತ್ತೊಂಬತ್ತನೆಯ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ನಮ್ಮೂರು ವಡ್ಡಿನಿಂದ ತಮ್ಮ ಫೋನು ಮಾಡಿ, "ಅಕ್ಕಾ, ಡ್ಯಾಮು ಒಡದೈತಂತೆ" ಎಂದ. ಒಡೆದದ್ದು ಡ್ಯಾಮಲ್ಲ. ಸುಣ್ಣ–ಸುರ್ಕಿಯಲ್ಲಿ ಕಟ್ಟಿದ ಆ ಕಲ್ಲಿನ ಗೋಡೆ 1953ರಿಂದ ನಿಂತೇ ಇದೆ. ಅದರ ನೆತ್ತಿ 1613 ಅಡಿಯ ಮಟ್ಟದಲ್ಲಿ; ಅದಕ್ಕೇ ಇಂಗ್ಲಿಷಿನಲ್ಲಿ ಕ್ರೆಸ್ಟ್ ಎನ್ನುವುದು, ಅಲೆಯ ನೊರೆತುದಿಗೂ ಹಕ್ಕಿಯ ಜುಟ್ಟಿಗೂ ಅದೇ ಪದ. ಆ ನೆತ್ತಿಯ ಮೇಲೆ ಇಪ್ಪತ್ತಡಿ ಎತ್ತರದ 33 ಗೇಟುಗಳು ನಿಂತು ನೀರನ್ನು 1633 ಅಡಿಗೆ ಏರಿಸುತ್ತವೆ. ಕ್ರೆಸ್ಟ್ ಗೇಟು ಹೋದರೆ ಆ ಇಪ್ಪತ್ತಡಿಯ ನೀರು ಹೋಗಬಹುದು, ಗೋಡೆಯ ಹಿಂದಿನದು ಹೋಗದು. ಇಷ್ಟನ್ನು ಬಿಡಿಸಿ ಹೇಳಿದ ಮೇಲೆ ತಮ್ಮ ಉಸಿರುಬಿಟ್ಟ. ಆದರೆ ಆ ಇಪ್ಪತ್ತಡಿಯಲ್ಲೇ ರೈತರ ಬೆಳೆ ಇತ್ತು. ವಾರದೊಳಗೆ, ಹರಿಯುವ ನೀರಿನಲ್ಲೇ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹೋದ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಿದ ಕಾರ್ಮಿಕರನ್ನು ನಾನು ಕೈಮುಗಿದು ನೆನೆಯುತ್ತೇನೆ.

ತೋರಣಗಲ್ಲಿನ ಮಗ್ಗುಲಿನ ನಮ್ಮೂರು ವಡ್ಡಿಗೆ ನಾನು ಚಿಕ್ಕವಳಿದ್ದಾಗ ಕೆನಾಲೂ ಇರಲಿಲ್ಲ, ಚಾನಲೂ ಇರಲಿಲ್ಲ. ಅಪ್ಪನದು ಮಳೆ ನಂಬಿದ ಹೊಲ, ಜೋಳ ಮತ್ತು ಶೇಂಗಾ. ಬೇಸಿಗೆಯಲ್ಲಿ ಅವನು ಸಲಿಕೆ ಹಿಡಿದು ಒಡ್ಡು ಹಾಕುತ್ತಿದ್ದ. ಹೊಲ–ಹೊಲದ ನಡುವಿನದು ಬದು, ಮಣ್ಣು ಕೊಚ್ಚದಂತೆ ಇಳಿಜಾರಿಗೆ ಅಡ್ಡ ಹಾಕಿದ್ದು ಒಡ್ಡು, ದರೋಜಿ ಕೆರೆಯ ದೊಡ್ಡ ದಂಡೆ ಏರಿ. ಅಪ್ಪ ಮೂರನ್ನೂ ಎಂದೂ ಕಲಸಿ ಹೇಳಿದವನಲ್ಲ. ನಕ್ಷೆಯಲ್ಲಿ ಮೂರಕ್ಕೂ ಬಂಡ್ ಎಂದೇ ಬರೆಯಬೇಕಿತ್ತು, ಪಾರಸಿಯಿಂದ ಇಂಗ್ಲಿಷಿಗೆ ಸೇರಿದ ಪದ.

ಏರಿಯ ಹಿಂದಿನ ಕೆರೆಯ ಹೆಸರಿನ ಕತೆಯೂ ಹಾಗೆಯೇ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ದೊಮಿಂಗೊ ಪಾಯಿಸ್, ಎರಡು ಗುಡ್ಡಗಳ ನಡುವೆ ಕೃಷ್ಣದೇವರಾಯ ಕೆರೆ ಕಟ್ಟಿಸುತ್ತಿದ್ದುದನ್ನು ಕಣ್ಣಾರೆ ಕಂಡ. ಹದಿನೈದಿಪ್ಪತ್ತು ಸಾವಿರ ಜನ ದುಡಿಯುತ್ತಿದ್ದರೆಂದೂ, ಏರಿ ನಿಲ್ಲದೆ ಒಡೆದಾಗ ಬಲಿ ಕೊಟ್ಟರೆಂದೂ ಬರೆದಿಟ್ಟ. ಅದಕ್ಕೆ ಅವನ ಭಾಷೆಯಲ್ಲಿ ತಾಂಕ್, ಇಂಗ್ಲಿಷಿನಲ್ಲಿ ಟ್ಯಾಂಕ್. ಮುಂದೆ 1915ರಲ್ಲಿ ಬ್ರಿಟಿಷರು ತಮ್ಮ ಉಕ್ಕಿನ ಯುದ್ಧವಾಹನದ ಗುಟ್ಟು ಕಾಯಲು, ಇದು ನೀರು ಒಯ್ಯುವ ತೊಟ್ಟಿ ಎಂದು ಹೇಳಿ, ಅದೇ ಹೆಸರನ್ನು ಅದಕ್ಕಿಟ್ಟರು. ಪಾಯಿಸ್ ಕಂಡ ಆ ಏರಿಗೆ ಮಣ್ಣು ಹೊತ್ತವರ, ಅದಕ್ಕೆ ಬಲಿಯಾದವರ ಒಂದು ಹೆಸರೂ ನಮಗೆ ಉಳಿದಿಲ್ಲ.

ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ವಿಜಯನಗರ ಕಾಲುವೆಗಳ ಆಧುನೀಕರಣ ನಡೆಯಿತು, ಮಣ್ಣಿನ ಮಗ್ಗುಲುಗಳಿಗೆ ಕಾಂಕ್ರೀಟು ಬಿತ್ತು. ಕಡತಗಳಲ್ಲಿ ಅವುಗಳ ಹೆಸರು ವಿ.ಎನ್.ಸಿ. ಎಂದಷ್ಟೇ; ಕೊನೆಯ ಸಿ ಕೆನಾಲೂ ಆಗಬಹುದು, ಚಾನಲೂ ಆಗಬಹುದು. ಸೋರುವ ನೀರು ಉಳಿದು ಕಂಪ್ಲಿಯ ಕೊನೆಯ ಗದ್ದೆಗೂ ಮುಟ್ಟಲಿ, ಅದು ಬೇಕೇ ಬೇಕು. ಆದರೆ ಮುಂದೆ ಎಲ್ಲಿಯೇ ಆಗಲಿ, ಕಾಂಕ್ರೀಟು ಹಾಕುವ ಮುಂಚೆ ಹಳೆಯ ಕಲ್ಲುಕಟ್ಟಡ, ತೂಬು, ತಿರುವುಗಳ ಅಳತೆ ಹಿಡಿದು ನಕ್ಷೆ ಬರೆಸಬೇಕು. ಆ ನಕ್ಷೆಯ ಮೇಲೆ ಕಾಲುವೆ ಎಂದೇ ಬರೆಯಲಿ, ಬಸವಣ್ಣ ಕಾಲುವೆಯ ಹಾಳೆಯಲ್ಲಿ ಕೆಳಗೆ 1521 ಎಂದೂ ನಮೂದಿಸಲಿ.