ನಬೀಝ್: ಚರ್ಮದ ಚೀಲದ ಸಿಹಿ ಪಾನೀಯ

ಇಂದು 'ಮದ್ಯರಹಿತ ವೈನ್' ಎಂದು ಮಾರಾಟವಾಗುವ ಪಾನೀಯವನ್ನು ಹೆಚ್ಚಾಗಿ ಹೀಗೆ ತಯಾರಿಸುತ್ತಾರೆ: ಮೊದಲು ದ್ರಾಕ್ಷಾರಸವನ್ನು ಹುದುಗಿಸಿ ಮದ್ಯವನ್ನಾಗಿಸುವುದು, ಬಳಿಕ ಅದರಿಂದ ಆಲ್ಕೋಹಾಲನ್ನು ಬೇರ್ಪಡಿಸುವುದು. ಪ್ರವಾದಿವರ್ಯರ(ಸ) ಕಾಲದ ಮದೀನಾದಲ್ಲಿ ಮನೆಮನೆಯ ಪಾನೀಯವಾಗಿದ್ದ ನಬೀಝ್‌ನ ದಾರಿಯೇ ಬೇರೆ. ಅದು ಮದ್ಯವಾಗುವ ಮೊದಲೇ ಕುಡಿದು ಮುಗಿಯುತ್ತಿತ್ತು.

ಖರ್ಜೂರವನ್ನೋ ಒಣದ್ರಾಕ್ಷಿಯನ್ನೋ ನೀರಿನಲ್ಲಿ ನೆನೆಹಾಕಿದರೆ ನಬೀಝ್ ಸಿದ್ಧ. ಎರಡನ್ನೂ ಬೆರೆಸಿ ನೆನೆಸುವುದನ್ನು ಮಾತ್ರ ಪ್ರವಾದಿವರ್ಯರು(ಸ) ತಡೆದಿದ್ದರು. ಬೆಳಿಗ್ಗೆ ನೆನೆಸಿದ್ದನ್ನು ಅವರು ಸಂಜೆಗೂ ಸಂಜೆ ನೆನೆಸಿದ್ದನ್ನು ಮರುದಿನ ಬೆಳಿಗ್ಗೆಯೂ ಕುಡಿಯುತ್ತಿದ್ದರೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಹ. ಇಬ್ನು ಅಬ್ಬಾಸ್(ರ)ರ ವರದಿಯಲ್ಲಿ ಮೂರು ದಿನಗಳವರೆಗಿನ ಪ್ರಸ್ತಾಪವಿದೆ. ಆ ಬಳಿಕ ಉಳಿದದ್ದನ್ನು ಚೆಲ್ಲಲಾಗುತ್ತಿತ್ತು. ಎರಡು ವರದಿಗಳೂ ಸಹೀಹ್ ಮುಸ್ಲಿಮ್‌ನಲ್ಲಿವೆ. ಬಿಸಿಲ ನಾಡಿನಲ್ಲಿ ಸಿಹಿ ನೀರು ಬೇಗ ಹುದುಗುತ್ತದೆಂಬುದನ್ನು ನೆನೆದರೆ ಈ ಎಚ್ಚರಿಕೆಯ ಅರ್ಥ ತಿಳಿಯುತ್ತದೆ.

ಪಾತ್ರೆಯೂ ಮುಖ್ಯವಾಗಿತ್ತು. ಅಬ್ದುಲ್ ಕೈಸ್ ಗೋತ್ರದ ನಿಯೋಗ ಮದೀನಾಕ್ಕೆ ಬಂದಾಗ ಸೋರೆಬುರುಡೆ, ಮೆರುಗಿನ ಜಾಡಿ, ಖರ್ಜೂರದ ಬುಡವನ್ನು ಕೊರೆದು ಮಾಡಿದ ತೊಟ್ಟಿ, ಡಾಂಬರು ಬಳಿದ ಪಾತ್ರೆ ಇವುಗಳಲ್ಲಿ ನಬೀಝ್ ಮಾಡಬಾರದೆಂದು ಪ್ರವಾದಿವರ್ಯರು(ಸ) ಸೂಚಿಸಿದರು. ಅವುಗಳೊಳಗೆ ಪಾನೀಯವು ಅಮಲೇರಿಸುವಂತಾದರೂ ಹೊರಗಿನವರಿಗೆ ಗೊತ್ತಾಗದು. ತೆಳುವಾದ ಚರ್ಮದ ಚೀಲವಾದರೋ ಹುದುಗೆದ್ದರೆ ಉಬ್ಬಿ ಬಿರಿಯುತ್ತದೆ, ಗುಟ್ಟು ಉಳಿಯುವುದಿಲ್ಲ. ವಿದ್ವಾಂಸರು ಕೊಟ್ಟ ಈ ವಿವರಣೆ ನನಗೆ ಅತ್ಯಂತ ಸಮಂಜಸವೆನಿಸುತ್ತದೆ.

ಮುಂದೆ ಜನರಿಗೆ ಮದ್ಯನಿಷೇಧ ಮನದಟ್ಟಾದಾಗ ಪಾತ್ರೆಗಳ ಮೇಲಿನ ಈ ತಡೆಯನ್ನು ಪ್ರವಾದಿವರ್ಯರೇ(ಸ) ತೆರವುಗೊಳಿಸಿದರು. ಯಾವ ಪಾತ್ರೆಯಲ್ಲಾದರೂ ಕುಡಿಯಬಹುದು, ಅಮಲೇರಿಸುವುದನ್ನು ಮಾತ್ರ ಕುಡಿಯಕೂಡದು ಎಂದರು.