ಕಾರ್ಬ್ಯುರೇಟರ್ ಹೊಂದಾಣಿಕೆ: ಹಳೆಯ ಅಂಬಾಸಿಡರ್, ಬೀದರ್‌ನ ಗಾಳಿ, ಹೊಸ ಪೆಟ್ರೋಲ್

ಪೆಟ್ರೋಲ್ ಎಂಜಿನ್‌ಗೆ ಬೇಕಾದ ಗಾಳಿ ಮತ್ತು ಇಂಧನವನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿಕೊಡುವ ಸಾಧನವೇ ಕಾರ್ಬ್ಯುರೇಟರ್. ಅಮೆರಿಕದಲ್ಲಿ 1964ರ ಪಾಂಟಿಯಾಕ್ ಜಿಟಿಒದಂತಹ 'ಮಸಲ್ ಕಾರು'ಗಳ 6.4 ಲೀಟರ್ ಎಂಜಿನ್‌ಗೆ ಉಸಿರು ನೀಡಿದ್ದೂ, ನಮ್ಮಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್‌ನ 1,489 ಸಿಸಿ ಪೆಟ್ರೋಲ್ ಎಂಜಿನ್ ಅನ್ನು ದಶಕಗಳ ಕಾಲ ನಡೆಸಿದ್ದೂ ಇದೇ. ಗಾತ್ರ ಬೇರೆಯಾದರೂ ತತ್ವ ಒಂದೇ. ಇಂದಿನ ಕಾರುಗಳಲ್ಲಿ ಸೆನ್ಸರ್‌ಗಳು ಮಾಡುವ ಲೆಕ್ಕವನ್ನು ಇಲ್ಲಿ ಮೆಕ್ಯಾನಿಕ್‌ನ ಕಿವಿ ಮತ್ತು ಸ್ಕ್ರೂಡ್ರೈವರ್ ಮಾಡಬೇಕಾಗುತ್ತದೆ.

ಶುದ್ಧ ಪೆಟ್ರೋಲ್‌ನ ಒಂದು ಭಾಗ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದಲ್ಲಿರುವ ಬೀದರ್ ನಗರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ 6ರಿಂದ 7ರಷ್ಟು ಕಡಿಮೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಅದು ಇನ್ನೂ ತೆಳುವಾಗುತ್ತದೆ. ಜೆಟ್‌ನ ರಂಧ್ರ ಮಾತ್ರ ಹಾಗೆಯೇ ಇರುವುದರಿಂದ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಹೆಚ್ಚಿ, ಪ್ಲಗ್ ಕಪ್ಪಾಗುತ್ತದೆ. ಡಿಸೆಂಬರ್‌ನ ಚಳಿಯಲ್ಲಿ ಸರಿಹೊಂದಿಸಿದ ಕಾರು ಮೇ ತಿಂಗಳಲ್ಲಿ ಹೊಗೆ ಉಗುಳಿದರೆ ಅದು ಮೆಕ್ಯಾನಿಕ್‌ನ ತಪ್ಪಲ್ಲ. ಭಾಲ್ಕಿ, ಔರಾದ್ ಕಡೆಯ ಎರೆಮಣ್ಣಿನ ದೂಳು ಏರ್ ಫಿಲ್ಟರ್‌ಗೆ ಮೆತ್ತಿಕೊಂಡರೂ ಪರಿಣಾಮ ಇದೇ.

ಆದ್ದರಿಂದ ಕಾರ್ಬ್ಯುರೇಟರ್‌ಗೆ ಕೈಹಾಕುವುದು ಕೊನೆಯ ಕೆಲಸವೇ ಹೊರತು ಮೊದಲನೆಯದಲ್ಲ. ಏರ್ ಫಿಲ್ಟರ್, ಪ್ಲಗ್, ಪಾಯಿಂಟ್, ಟೈಮಿಂಗ್ ಮತ್ತು ಟ್ಯಾಪೆಟ್ ಅಂತರ ಸರಿಯಿವೆಯೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಇತ್ತ ಬರಬೇಕು. ಸವೆದ ಪಾಯಿಂಟ್‌ನ ದೋಷವನ್ನು ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಮುಚ್ಚಿಹಾಕುವ ಅಭ್ಯಾಸವೇ ಬಹುಪಾಲು ತೊಂದರೆಗಳ ಮೂಲ.

ಅಂಬಾಸಿಡರ್‌ನಲ್ಲಿ ಸಾಮಾನ್ಯವಾದ ಸೋಲೆಕ್ಸ್ ಮಾದರಿಯಲ್ಲಿ ಕ್ರಮ ಹೀಗಿದೆ. ಎಂಜಿನ್ ಪೂರ್ಣವಾಗಿ ಬಿಸಿಯಾಗಿ, ಚೋಕ್ ಪೂರ್ತಿ ತೆರೆದಿರಬೇಕು. ಮಿಕ್ಸ್ಚರ್ ಸ್ಕ್ರೂವನ್ನು ಮೃದುವಾಗಿ ಒಳಕ್ಕೆ ಮುಟ್ಟಿಸಿ, ಸುಮಾರು ಒಂದೂವರೆ ಸುತ್ತು ಹೊರಕ್ಕೆ ತಿರುಗಿಸಬೇಕು. ಬಿಗಿದರೆ ಅದರ ಮೊನೆ ಹಾಳಾಗುತ್ತದೆ. ಬಳಿಕ ಎಂಜಿನ್ ನಡೆಯುತ್ತಿರುವಾಗ ಅದನ್ನು ಕಾಲು ಸುತ್ತಿನಂತೆ ಒಳಕ್ಕೆ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಎಂಜಿನ್ ತಡವರಿಸುತ್ತದೆ. ಹೊರಕ್ಕೆ ತಿರುಗಿಸಿದರೆ ಭಾರವಾಗಿ ಏರಿಳಿಯುತ್ತದೆ. ಇವೆರಡರ ನಡುವೆ ವೇಗ ಅತಿ ಹೆಚ್ಚಾಗಿ, ಸದ್ದು ಸಮವಾಗಿರುವ ಜಾಗವೇ ಸರಿಯಾದ ಸ್ಥಾನ. ಆಮೇಲೆ ಥ್ರಾಟಲ್ ಸ್ಕ್ರೂ ಸಡಿಲಿಸಿ ಐಡಲ್ ವೇಗವನ್ನು ತಗ್ಗಿಸಿ, ಮತ್ತೊಮ್ಮೆ ಇದನ್ನೇ ಪರೀಕ್ಷಿಸಬೇಕು. ನಾಲ್ಕು ಬ್ಯಾರೆಲ್‌ಗಳ ಅಮೆರಿಕನ್ ಕಾರ್ಬ್ಯುರೇಟರ್‌ಗಳಲ್ಲಿ ಸಾಮಾನ್ಯವಾಗಿ ಇಂಥ ಸ್ಕ್ರೂ ಎರಡಿದ್ದು, ಎರಡನ್ನೂ ಸಮನಾಗಿ ತಿರುಗಿಸಬೇಕಾಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಪ್ರಾಣಾಪಾಯ ತರುವುದರಿಂದ ಈ ಕೆಲಸ ಬಯಲಿನಲ್ಲೇ ನಡೆಯಬೇಕು.

ಈ ಸ್ಕ್ರೂ ಐಡಲ್‌ಗೆ ಮಾತ್ರ ಸಂಬಂಧಿಸಿದ್ದು. ಓಡುವ ಕಾರಿನ ಮಿಶ್ರಣ ಮುಖ್ಯ ಜೆಟ್‌ನ ಕೈಯಲ್ಲಿದೆ. ಹೊಸ ಇಂಧನದಿಂದ ಹಳೆಯ ಕಾರುಗಳಿಗೆ ಪೇಚು ಬಂದಿರುವುದೂ ಇಲ್ಲೇ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಅನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಕಬ್ಬಿನಿಂದಲೂ ಎಥೆನಾಲ್ ತಯಾರಾಗುವುದರಿಂದ ಕಬ್ಬು ಬೆಳೆಯುವ ಭಾಲ್ಕಿಯಂತಹ ತಾಲ್ಲೂಕುಗಳಿಗೆ ಇದು ಪರಕೀಯ ವಸ್ತುವೇನಲ್ಲ. ಆದರೆ ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಈ ಮಿಶ್ರಣಕ್ಕೆ ಸುಮಾರು 13.5 ಭಾಗ ಗಾಳಿ ಸಾಕು. ಹಳೆಯ ಜೆಟ್‌ನಲ್ಲಿ ಇಂಧನ ಕಡಿಮೆಯಾಗಿ ಎಂಜಿನ್ ಹೆಚ್ಚು ಕಾಯಬಹುದು, ಎತ್ತರ ಏರುವಾಗ ಸೊರಗಬಹುದು. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ ಕೆಡುವ ಅಪಾಯವೂ ಇದೆ. ಟ್ಯಾಂಕಿನ ಹಳೆಯ ಕೊಳೆ ಸಡಿಲಗೊಂಡು ಜೆಟ್‌ಗೆ ಸಿಕ್ಕಿಕೊಳ್ಳುವುದುಂಟು.

ವಾಯುಮಾಲಿನ್ಯ ತಪಾಸಣೆಯಲ್ಲಿ ಉತ್ತೀರ್ಣವಾಯಿತೆಂದು ನಿಶ್ಚಿಂತರಾಗುವಂತಿಲ್ಲ. ಭಾರತ್ ಸ್ಟೇಜ್ ಪೂರ್ವದ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 3. ಇಂಧನ ಕಡಿಮೆಯಾದ ಎಂಜಿನ್ ಈ ಮಿತಿಯನ್ನು ಸುಲಭವಾಗಿ ದಾಟಿಬರುತ್ತದೆ, ಒಳಗೆ ಕಾಯುತ್ತಲೇ ಇರುತ್ತದೆ.

ನಿಜವಾದ ಪರೀಕ್ಷೆ ರಸ್ತೆಯಲ್ಲೇ. ಔರಾದ್ ದಾರಿಯಲ್ಲಿ ಮಾಂಜ್ರಾ ನದಿಯ ತಗ್ಗಿಗೆ ಇಳಿದು, ಮರಳಿ ಬೀದರ್‌ನ ಕೆಮ್ಮಣ್ಣಿನ ಪ್ರಸ್ಥಭೂಮಿಗೆ ಏರಿಬಂದ ಕೂಡಲೇ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ, ತುಸು ಆರಿದ ಬಳಿಕ ಪ್ಲಗ್ ಬಿಚ್ಚಿ ನೋಡಬೇಕು. ತಿಳಿಗಂದು ಬಣ್ಣವಿದ್ದರೆ ಜೆಟ್ ಸರಿಯಿದೆ, ಮಸಿ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಒಂದು ಅಳತೆ ದೊಡ್ಡ ಜೆಟ್ ಹಾಕಿ ಅದೇ ಏರಿನಲ್ಲಿ ಇನ್ನೊಮ್ಮೆ ಓಡಿಸಿ ನೋಡಬೇಕು.