ಎಲ್ಲೂ ಅಡಗದ ಅಂಗಿ

1970ರ ದಶಕದ ನಡುಭಾಗದಲ್ಲಿ ಅಮೆರಿಕದ ಅಬರ್ಡೀನ್ ಸೇನಾ ಪರೀಕ್ಷಾ ಮೈದಾನದಲ್ಲಿ ತಿಮೋತಿ ಓನೀಲ್ ಎಂಬ ಅಧಿಕಾರಿಯೊಬ್ಬರು ಹಳೆಯ ಎಂ-113 ಸೈನಿಕ ವಾಹನವೊಂದಕ್ಕೆ ಬಣ್ಣ ಬಳಿಯುತ್ತಿದ್ದರು. ಕೈಯಲ್ಲಿದ್ದದ್ದು ಎರಡು ಇಂಚಿನ ರೋಲರ್, ಗೋಡೆಯ ಮೂಲೆಗಳಿಗೆ ಸುಣ್ಣಬಣ್ಣ ಹಚ್ಚುವವರು ಬಳಸುತ್ತಾರಲ್ಲ, ಅಂಥದ್ದು. ಅದನ್ನು ಒತ್ತಿ ಎಳೆದಲ್ಲೆಲ್ಲ ಚೌಕದ ಗುರುತು ಮೂಡುತ್ತಿತ್ತು. ಹತ್ತಿರ ನಿಂತವರಿಗೆ ಅದು ಯಾರೋ ಹೊತ್ತು ಹೋಗದೆ ಚೌಕಾಬಾರದ ಮನೆಗಳನ್ನು ಗೀಚಿದಂತೆ ಕಾಣುತ್ತಿತ್ತು. ಹಿಂದೆ ಸರಿದು ನೋಡಿದರೆ ಮಾತ್ರ ವಾಹನದ ಅಂಚು ಎಲ್ಲಿ, ಹುಲ್ಲುಗಾವಲು ಎಲ್ಲಿ ಎಂದು ಹೇಳುವುದು ಕಷ್ಟವಾಗುತ್ತಿತ್ತು. ಮುಂದೆ ಜಗತ್ತು 'ಡಿಜಿಟಲ್ ಕ್ಯಾಮಫ್ಲಾಜ್' ಎಂದು ಕರೆದ ವಿನ್ಯಾಸದ ಮೂಲದಲ್ಲಿ ಕಂಪ್ಯೂಟರ್ ಇರಲಿಲ್ಲ, ಬಣ್ಣದ ಡಬ್ಬಿ ಇತ್ತು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಈ ವಿಷಯ ಓದುತ್ತಿದ್ದೇನೆ ಎಂದು ಗೊತ್ತಾದಾಗ ಹಾಸ್ಟೆಲ್ಲಿನ ಗೆಳೆಯನೊಬ್ಬ, ಅವನು ಕಂಪ್ಯೂಟರ್ ವಿಜ್ಞಾನದವನು, "ಅದು ಕ್ಯಾಮರಾಗಳನ್ನು ಮೋಸ ಮಾಡೋಕೆ ಅಲ್ವೇನೋ?" ಎಂದು ಕೇಳಿದ. ಬಹಳ ಜನರ ನಂಬಿಕೆ ಇದೇ. ಚೌಕ ಕಂಡರೆ ನಮಗೆ ಪರದೆ ನೆನಪಾಗುತ್ತದೆ, ಪರದೆ ನೆನಪಾದರೆ ಹೊಸ ಕಾಲದ ಯಾವುದೋ ಜಾಣತನ ಇರಬೇಕು ಅನ್ನಿಸುತ್ತದೆ. ಆದರೆ ಮನಶ್ಶಾಸ್ತ್ರ ಓದಿಕೊಂಡಿದ್ದ, ಮುಂದೆ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಪಾಠವನ್ನೂ ಮಾಡಿದ ಓನೀಲ್ ಅವರ ಗುರಿ ಯಂತ್ರವಲ್ಲ, ಮನುಷ್ಯನ ಕಣ್ಣು.

ನಮ್ಮ ನೋಟ ಎರಡು ಕೆಲಸಗಳನ್ನು ಒಟ್ಟಿಗೇ ಮಾಡುತ್ತದೆ. ಒಂದು, ಸುತ್ತಲಿನ ದೃಶ್ಯವನ್ನು ಸವರಿಕೊಂಡು ಹೋಗಿ ಎಲ್ಲಿ ಏನೋ ಇದೆ ಎಂದು ಹಿಡಿಯುವುದು. ಇನ್ನೊಂದು, ಆ ಜಾಗದ ಮೇಲೆ ದೃಷ್ಟಿ ನಿಲ್ಲಿಸಿ ಅದು ಏನು ಎಂದು ಗುರುತಿಸುವುದು. ಹಳೆಯ ಸೇನಾ ಉಡುಪುಗಳ ಮೇಲಿದ್ದ ದೊಡ್ಡ ದೊಡ್ಡ ಹಸಿರು, ಕಂದು, ಕಪ್ಪು ಪಟ್ಟೆಗಳು ದೂರಕ್ಕೆ ಪರವಾಗಿಲ್ಲ. ಮೈಯ ಆಕಾರವನ್ನು ತುಂಡರಿಸುತ್ತಿದ್ದವು. ಹತ್ತಿರಕ್ಕೆ ಬಂದಾಗ ಅವುಗಳ ನುಣುಪಾದ ಅಂಚುಗಳೇ ಚಾಡಿ ಹೇಳುತ್ತಿದ್ದವು, ಏಕೆಂದರೆ ಕಾಡಿನಲ್ಲಿ ನುಣುಪು ಎಂಬುದು ಕಡಿಮೆ. ಮರದ ನೆರಳಿನೊಳಗೆ ಕೊಂಬೆಯ ನೆರಳು, ಅದರೊಳಗೆ ಎಲೆ, ಎಲೆಯ ಮೇಲೆ ಹುಳ ತಿಂದ ತೂತು, ಹೀಗೆ ಪ್ರತಿ ಅಳತೆಯಲ್ಲೂ ಏನೋ ಒಂದು ಗಿಜಿಬಿಜಿ ಇದ್ದೇ ಇರುತ್ತದೆ. ಓನೀಲ್ ಸಣ್ಣ ಚೌಕಗಳನ್ನು ಗುಂಪುಗೂಡಿಸಿ ದೊಡ್ಡ ಮಚ್ಚೆಗಳನ್ನು ಕಟ್ಟಿದರು. ದೂರದವನಿಗೆ ಮಚ್ಚೆ, ಹತ್ತಿರದವನಿಗೆ ಚೌಕದ ಕಲಕು. ಆ ವಿನ್ಯಾಸಕ್ಕೆ 'ಡ್ಯುಯಲ್-ಟೆಕ್ಸ್' ಎಂದು ಹೆಸರಾಯಿತು. ಇಲ್ಲಿ ಚೌಕವೇ ಮುಖ್ಯವಲ್ಲ ಎಂಬುದನ್ನು ಗಮನಿಸಬೇಕು. ಎರಡು ಅಳತೆಗಳು ಮುಖ್ಯ, ಮತ್ತು ಮಚ್ಚೆಗಳ ನಡುವೆ ಬೆಳಕು-ಕತ್ತಲಿನ ವ್ಯತ್ಯಾಸ ಮುಖ್ಯ. ಕಥೆಯ ದುರಂತ ಇರುವುದು ಈ ಎರಡನೆಯದರಲ್ಲಿ.

ಯುರೋಪಿನಲ್ಲಿದ್ದ ಒಂದು ಅಮೆರಿಕನ್ ರೆಜಿಮೆಂಟ್ ಕೆಲವು ವರ್ಷ ತನ್ನ ವಾಹನಗಳಿಗೆ ಈ ಚೌಕಗಳನ್ನು ಬಳಿದುಕೊಂಡಿತು, ಆಮೇಲೆ ಸೇನೆ ಅದನ್ನು ಕೈಬಿಟ್ಟಿತು. ವಿಚಾರವನ್ನು ಉಡುಪಿನ ಮೇಲೆ ದೊಡ್ಡ ಮಟ್ಟದಲ್ಲಿ ತಂದದ್ದು ಕೆನಡಾ. 1990ರ ದಶಕದಲ್ಲಿ ಅವರು ರೂಪಿಸಿದ ಕ್ಯಾಡ್‌ಪ್ಯಾಟ್ ವಿನ್ಯಾಸವನ್ನು ನೋಡಿದ ಅಮೆರಿಕದ ಮರೀನ್ ದಳಕ್ಕೆ ಆಸೆ ಹುಟ್ಟಿತು. 2002ರಲ್ಲಿ ಅವರ ಸ್ವಂತ ಆವೃತ್ತಿ ಮಾರ್‌ಪ್ಯಾಟ್ ಬಂತು, ಕಾಡಿಗೊಂದು, ಮರುಭೂಮಿಗೊಂದು. ಅದು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ವಿವರ: ಆ ಬಟ್ಟೆಯ ಚೌಕಗಳ ನಡುವೆ ಅಲ್ಲಲ್ಲಿ ಮರೀನ್ ದಳದ ಲಾಂಛನವಾದ ಹದ್ದು, ಭೂಗೋಳ, ಲಂಗರುಗಳನ್ನು ಸಣ್ಣದಾಗಿ ಅಚ್ಚು ಹಾಕಿದ್ದಾರೆ. ಯಾರ ಕಣ್ಣಿಗೂ ಬೀಳಬಾರದೆಂದು ಹೊಲಿಸಿದ ಅಂಗಿಯ ಮೇಲೆ 'ಇದು ನಮ್ಮದು' ಎಂಬ ರುಜು! ಅಡಗಬೇಕು, ಅಡಗಿದವರು ಯಾರೆಂದೂ ತಿಳಿಯಬೇಕು. ಸಮವಸ್ತ್ರದ ಇತಿಹಾಸದಲ್ಲಿ ಈ ಎರಡು ಆಸೆಗಳ ಜಗಳ ಹಳೆಯದು. ಕೆಂಪು ಕೋಟು ತೊಟ್ಟು ಸಾಲಾಗಿ ನಡೆಯುತ್ತಿದ್ದ ಬ್ರಿಟಿಷ್ ಸೈನಿಕನಿಗೆ ಎರಡನೆಯ ಆಸೆಯೊಂದೇ ಸಾಕಾಗಿತ್ತು.

ಆ ಕೆಂಪು ಕೋಟನ್ನು ಕಳಚಿಸಿದ್ದು ನಮ್ಮ ಉಪಖಂಡದ ಧೂಳು. 1840ರ ದಶಕದಲ್ಲಿ ಪೇಶಾವರದ ಸುತ್ತ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆ ಮಣ್ಣಿನ ಬಣ್ಣದ ಬಟ್ಟೆ ತೊಟ್ಟಿತು. 'ಖಾಕ್' ಎಂದರೆ ಪಾರಸಿಯಲ್ಲಿ ಧೂಳು. ಮಂಗಳೂರಿನವರಿಗೆ ಈ ಕಥೆಯ ಇನ್ನೊಂದು ಎಳೆ ಗೊತ್ತು. ಬಾಸೆಲ್ ಮಿಷನ್ನಿನ ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣ ಸಿದ್ಧಪಡಿಸಿದನೆಂದು ಊರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಖಾಕಿಯ ಗುಣ ಅದರ ಸರಳತೆ. ನಿಂತ ನೆಲದ ಬಣ್ಣ ಮೈಮೇಲೆ, ಅಷ್ಟೆ.

ಅಮೆರಿಕದ ಭೂಸೇನೆ 2004ರಲ್ಲಿ ಮಾಡಲು ಹೊರಟದ್ದು ಇದಕ್ಕೆ ತದ್ವಿರುದ್ಧ. ಕಾಡು, ಮರುಭೂಮಿ, ಪಟ್ಟಣ ಎಲ್ಲಕ್ಕೂ ಒಂದೇ ಅಂಗಿ. ಹೆಸರೂ 'ಯೂನಿವರ್ಸಲ್ ಕ್ಯಾಮಫ್ಲಾಜ್ ಪ್ಯಾಟರ್ನ್', ಚಿಕ್ಕದಾಗಿ ಯುಸಿಪಿ. ಸಾಗಾಟ ಸುಲಭ, ದಾಸ್ತಾನು ಸುಲಭ ಎಂಬ ಲೆಕ್ಕವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಇರಾಕ್ ಯುದ್ಧದ ಮೊದಲ ದಿನಗಳಲ್ಲಿ ಮರಳಿನ ನಾಡಿನಲ್ಲಿದ್ದ ಸೈನಿಕರೂ ಹಸಿರು ಕವಚ ತೊಟ್ಟು ಓಡಾಡಿದ್ದನ್ನು ಜಗತ್ತೇ ನೋಡಿತ್ತು. ಆದರೆ ಆಯ್ಕೆ ನಡೆದ ರೀತಿ ವಿಚಿತ್ರ. ಸೇನೆಯೇ ಕೆಲವು ವಿನ್ಯಾಸಗಳನ್ನು ಮೈದಾನದಲ್ಲಿ ಪರೀಕ್ಷಿಸಿತ್ತು. ಕೊನೆಗೆ ಒಪ್ಪಿಗೆಯಾದ ವಿನ್ಯಾಸ ಆ ಪಟ್ಟಿಯಲ್ಲೇ ಇರಲಿಲ್ಲ! ಮರೀನರ ಚೌಕಗಳನ್ನು ತೆಗೆದುಕೊಂಡು, ಕಪ್ಪನ್ನು ಬಿಟ್ಟು, ಬೂದು, ಮರಳು, ಮಾಸಲು ಹಸಿರು ಎಂಬ ಮೂರು ಬಣ್ಣ ತುಂಬಿದರು. 2005ರಿಂದ ಅದು ಸೈನಿಕರ ಮೈಗೇರಿತು.

ಮೂರೂ ಬಣ್ಣಗಳ ಹೊಳಪು ಹೆಚ್ಚುಕಡಿಮೆ ಒಂದೇ. ಹತ್ತಡಿ ದೂರದಲ್ಲಿ ಚೌಕಗಳು ಕಾಣುತ್ತವೆ. ಐವತ್ತು ಅಡಿ ಹಿಂದೆ ಸರಿದರೆ ಅವು ಒಂದಕ್ಕೊಂದು ಕರಗಿ ತೆಳು ಬೂದು ಬಣ್ಣದ ಒಂದೇ ಮುದ್ದೆಯಾಗುತ್ತವೆ, ಕೈ ಕಾಲು ತಲೆ ಇರುವ ಮನುಷ್ಯಾಕಾರದ ಮುದ್ದೆ. ಓನೀಲ್ ಕಟ್ಟಿದ್ದ ದೊಡ್ಡ ಮಚ್ಚೆ ಇಲ್ಲಿ ಸತ್ತುಹೋಗಿತ್ತು, ಬರೀ ಚೌಕ ಉಳಿದಿತ್ತು. ನನ್ನ ಮಟ್ಟಿಗೆ ಇದು ತಂತ್ರಜ್ಞಾನದ ಸೋಲಲ್ಲ, ಅನುಕರಣೆಯ ಸೋಲು. ಯುಸಿಪಿ ಡಿಜಿಟಲ್ ಆಗಿದ್ದುದಕ್ಕಿಂತ ಹೆಚ್ಚಾಗಿ ಡಿಜಿಟಲ್‌ನಂತೆ ಕಾಣುತ್ತಿತ್ತು.

ಅಫ್ಘಾನಿಸ್ತಾನದಲ್ಲಿ ಕಂದು ಬೆಟ್ಟ, ಹಸಿರು ಕಣಿವೆಗಳು ಒಂದೇ ದಿನದ ನಡಿಗೆಯಲ್ಲಿ ಎದುರಾಗುತ್ತವೆ. ಅಲ್ಲಿ ಬೂದು ಅಂಗಿ ತೊಟ್ಟವನಿಗೆ ಈ ಶೈಕ್ಷಣಿಕ ವಿವರಗಳಿಂದ ಏನೂ ಆಗಬೇಕಿರಲಿಲ್ಲ. ಬಂಡೆಯ ಹಿಂದೆ ಕುಳಿತ ತನ್ನನ್ನು ಎದುರು ಬೆಟ್ಟದಿಂದ ಯಾರಾದರೂ ಕಾಣಬಲ್ಲರೇ ಎಂಬುದೊಂದೇ ಅವನ ಪ್ರಶ್ನೆ. ಸೈನಿಕರ ದೂರು ಸಂಸತ್ತಿಗೆ ತಲುಪಿತು. ಪ್ರತಿನಿಧಿ ಸಭೆಯಲ್ಲಿ ರಕ್ಷಣಾ ಅನುದಾನ ನೋಡಿಕೊಳ್ಳುತ್ತಿದ್ದ ಜಾನ್ ಮುರ್ತಾ 2009ರಲ್ಲಿ ಸೇನೆಯ ಮೇಲೆ ಒತ್ತಡ ತಂದರು. ಅದೇ ವರ್ಷ ನಾಟಿಕ್‌ನ ಸೇನಾ ಸಂಶೋಧನಾ ಕೇಂದ್ರದ ವರದಿಯೊಂದು, ಬೇರೆ ನಾಲ್ಕು ವಿನ್ಯಾಸಗಳು ಕಾಡು, ಮರುಭೂಮಿ, ಪಟ್ಟಣ ಮೂರರಲ್ಲೂ ಯುಸಿಪಿಗಿಂತ ಶೇ. 16ರಿಂದ 36ರಷ್ಟು ಚೆನ್ನಾಗಿ ಮರೆಮಾಚುತ್ತವೆ ಎಂದಿತು. ಎಲ್ಲೆಡೆ ಅಡಗಿಸಬೇಕಿದ್ದ ಅಂಗಿ ಎಲ್ಲೆಡೆ ಹಿಂದೆ ಬಿದ್ದಿತ್ತು. ಆ ನಾಲ್ಕರಲ್ಲಿ ಒಂದು ಸಿರಿಯಾ ಸೇನೆಯ ವಿನ್ಯಾಸ ಎಂಬುದು ಪೆಂಟಗನ್ನಿಗೆ ಎಷ್ಟು ಚುಚ್ಚಿತೋ.

2010ರಲ್ಲಿ ಅಫ್ಘಾನಿಸ್ತಾನಕ್ಕೆ ಹೋಗುವವರಿಗೆ ಮಲ್ಟಿಕ್ಯಾಮ್ ಎಂಬ ವಿನ್ಯಾಸ ಕೊಡತೊಡಗಿದರು. ಅದರಲ್ಲಿ ಒಂದೂ ಚೌಕವಿಲ್ಲ, ಬಣ್ಣಗಳು ನಯವಾಗಿ ಒಂದರೊಳಗೊಂದು ಇಳಿಯುತ್ತವೆ. ಯುಸಿಪಿಗೂ ಅದನ್ನು ಬದಲಿಸುವುದಕ್ಕೂ ಆದ ವೆಚ್ಚ ಸುಮಾರು 500 ಕೋಟಿ ಡಾಲರ್ ಎಂದು 2012ರಲ್ಲಿ ಪತ್ರಿಕೆಗಳು ಬರೆದವು. ಅಷ್ಟರಲ್ಲಿ ಚೌಕದ ಹುಚ್ಚು ಉಳಿದವರಿಗೂ ಹತ್ತಿತ್ತು. ವಾಯುಪಡೆ ಹುಲಿಪಟ್ಟೆಗೆ ಚೌಕ ಸೇರಿಸಿತು. ನೌಕಾಪಡೆ ನೀಲಿ ಚೌಕದ ಅಂಗಿ ಹೊಲಿಸಿತು. ಹಡಗಿನಿಂದ ನೀರಿಗೆ ಬಿದ್ದ ನಾವಿಕ ಮಾತ್ರ ಅದರಲ್ಲಿ ಚೆನ್ನಾಗಿ ಅಡಗುತ್ತಾನೆ, ಅಂದರೆ ಹುಡುಕಬೇಕಾದವರಿಗೆ ಸಿಗುವುದಿಲ್ಲ ಎಂದು ಅವರವರೇ ನಗುತ್ತಿದ್ದರು. 2002ರ ನಂತರದ ಹತ್ತು ವರ್ಷಗಳಲ್ಲಿ ಅಮೆರಿಕದ ಪಡೆಗಳು ಏಳು ಹೊಸ ಮರೆಮಾಚು ಉಡುಪುಗಳನ್ನು ತಂದವೆಂದು ಅಲ್ಲಿನ ಸರ್ಕಾರದ ಲೆಕ್ಕಪರಿಶೋಧಕರು ಎಣಿಸಿದರು. ಭೂಸೇನೆಯ ಯುಸಿಪಿ, ನೌಕಾಪಡೆಯ ನೀಲಿ ಎರಡೂ 2019ರ ಶರತ್ಕಾಲದಲ್ಲಿ ನಿವೃತ್ತವಾದವು.

ಚೌಕ ಮಾತ್ರ ನಿವೃತ್ತವಾಗಿಲ್ಲ. ಚೀನಾ, ರಷ್ಯಾ ಸೇರಿದಂತೆ ಎಷ್ಟೋ ದೇಶಗಳು ಅದನ್ನು ತೊಟ್ಟಿವೆ. 2022ರ ಜನವರಿ 15ರಂದು ದೆಹಲಿಯ ಸೇನಾ ದಿನಾಚರಣೆಯಲ್ಲಿ ನಮ್ಮ ಭೂಸೇನೆಯೂ ದೆಹಲಿಯ ನಿಫ್ಟ್ ಸಂಸ್ಥೆಯ ಜೊತೆ ರೂಪಿಸಿದ ಹೊಸ ಡಿಜಿಟಲ್ ಉಡುಪನ್ನು ತೋರಿಸಿತು. ಆಲಿವ್ ಹಸಿರು ಮತ್ತು ಮಣ್ಣಿನ ಬಣ್ಣಗಳ ಆ ಬಟ್ಟೆಯಲ್ಲಿ ಗಾಢ-ತಿಳಿ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿದೆ, ಅದು ಒಳ್ಳೆಯ ಲಕ್ಷಣ. ವಿನ್ಯಾಸವನ್ನು ಸೇನೆ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ಹಳೆಯ ಸೇನಾ ಬಟ್ಟೆಯಂತೆ ಅದನ್ನು ಯಾವ ಅಂಗಡಿಯಲ್ಲಾದರೂ ಕೊಂಡು ಹೊಲಿಸಿಕೊಳ್ಳುವಂತಿಲ್ಲ.